ಕೋಸ್ಟಾ ಆಡಿದ ಆ ಒಂದು ಪದ

ಈ ವಾರ ಹಳೆಯ ವಿಡಿಯೊ ಒಂದನ್ನು ನೋಡಿದಾಗಿನಿಂದ ‘ರೆಪುಗ್ನಾಂತೆ’ ಎಂಬ ಪದ ಕಿವಿ ಬಿಟ್ಟು ಹೋಗುತ್ತಿಲ್ಲ. ಹೇಸಿಗೆ ಹುಟ್ಟಿಸುವಂಥದ್ದು ಎಂದರ್ಥ. 2020ರ ಮಾರ್ಚ್ ಕೊನೆಯಲ್ಲಿ ಪೋರ್ಚುಗಲ್ ಪ್ರಧಾನಿ ಆಂಟೋನಿಯೊ ಕೋಸ್ಟಾ (ತಂದೆಯ ಮನೆತನ ನಮ್ಮ ಪಕ್ಕದ ಮಡಗಾಂವದ್ದು) ಪತ್ರಕರ್ತರೆದುರು ಆಡಿದ ಮಾತದು. ಇಟಲಿಯಲ್ಲಿ ಸೇನೆಯ ಲಾರಿಗಳು ಶವಪೆಟ್ಟಿಗೆ ಸಾಗಿಸುತ್ತಿದ್ದ ಹೊತ್ತಿಗೆ, ನೆದರ್ಲೆಂಡ್ಸ್‌ನ ಹಣಕಾಸು ಸಚಿವ ವೊಪ್ಕೆ ಹೂಕ್‌ಸ್ಟ್ರಾ, ಕೆಲವು ದೇಶಗಳ ಬೊಕ್ಕಸದಲ್ಲಿ ಕಷ್ಟಕಾಲಕ್ಕೆ ಕೂಡಿಟ್ಟದ್ದು ಯಾಕಿಲ್ಲ, ತನಿಖೆಯಾಗಲಿ ಎಂದಿದ್ದರು. ಕೋಸ್ಟಾ ಹೇಸಿದ್ದು ಆ ಮಾತಿಗೆ.

ಸಹಾನುಭೂತಿ ಸಾಲಲಿಲ್ಲ ಎಂದು ಹೂಕ್‌ಸ್ಟ್ರಾ ಆಮೇಲೆ ಒಪ್ಪಿಕೊಂಡರು. ನನ್ನ ತಕರಾರು ಅವರ ಲೆಕ್ಕದ್ದು. ಯೂರೊ ಬಳಸುವ ದೇಶ ತನ್ನ ಕರೆನ್ಸಿಯ ಬೆಲೆ ತಾನೇ ಇಳಿಸಿಕೊಳ್ಳುವಂತಿಲ್ಲ. ಇಟಲಿಯ ಸಾಲ ಕೋವಿಡ್‌ಗೆ ಮೊದಲೇ ಜಿಡಿಪಿಯ ಶೇ 130 ದಾಟಿತ್ತು. ಅದರ ಮೇಲೆ ಮತ್ತೆ ಸಾಲವನ್ನೇ ಹೇರಿದರೆ ಬಡ್ಡಿ ದರ ಏರಿ, ಬಜೆಟ್ಟನ್ನೇ ತಿನ್ನುತ್ತದೆ. ಕೋವಿಡ್ ನೆರವಿನ ಜಗಳವೆಲ್ಲ ಅನುದಾನವೋ ಸಾಲವೋ ಎಂಬಲ್ಲಿಗೆ ಬಂದು ನಿಂತದ್ದು ಅದಕ್ಕೇ.

ಅದೇ ವರ್ಷ ಜುಲೈ 17ರಿಂದ 21ರ ನಸುಕಿನವರೆಗೆ ಬ್ರಸೆಲ್ಸ್‌ನಲ್ಲಿ ಕೂತು ಯುರೋಪಿಯನ್ ಒಕ್ಕೂಟದ 27 ದೇಶಗಳ ನಾಯಕರು 75,000 ಕೋಟಿ ಯೂರೊಗಳ ಕೋವಿಡ್ ನೆರವಿಗೆ ಒಪ್ಪಿದರು. ಅನುದಾನದ ಪಾಲು ಮೊದಲು ಪ್ರಸ್ತಾಪವಾಗಿದ್ದ 50,000 ಕೋಟಿಯಿಂದ 39,000 ಕೋಟಿಗೆ ಇಳಿಯಿತು, ಉಳಿದದ್ದು ಸಾಲ. ಇಳಿಸಿದ ನೆದರ್ಲೆಂಡ್ಸ್, ಆಸ್ಟ್ರಿಯಾ, ಸ್ವೀಡನ್, ಡೆನ್ಮಾರ್ಕ್ ಒಕ್ಕೂಟಕ್ಕೆ ಕೊಡುವ ತಮ್ಮ ವಂತಿಗೆಯಲ್ಲಿ ರಿಯಾಯಿತಿಯನ್ನೂ ಹೆಚ್ಚಿಸಿಕೊಂಡವು. ನೆದರ್ಲೆಂಡ್ಸ್‌ಗೆ ವರ್ಷಕ್ಕೆ ಸುಮಾರು 192 ಕೋಟಿ. ಕೋಸ್ಟಾರ ಪದ ನನಗೆ ಇಲ್ಲಿ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಈ ಹಣಕ್ಕಾಗಿ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ ಒಕ್ಕೂಟದ ಹೆಸರಿನಲ್ಲೇ ಬಾಂಡ್ ಮಾರಿತು. ಸದಸ್ಯ ದೇಶಗಳಿಂದ ಕೇಳಬಹುದಾದ ವಂತಿಗೆಯ ಮಿತಿಯನ್ನು ರಾಷ್ಟ್ರೀಯ ಆದಾಯದ ಶೇ 0.6ರಷ್ಟು ತಾತ್ಕಾಲಿಕವಾಗಿ ಏರಿಸಿದ್ದೇ ಹೂಡಿಕೆದಾರರಿಗೆ ಆಧಾರ. ಅದಕ್ಕೆ ಇಪ್ಪತ್ತೇಳೂ ದೇಶಗಳ ಅನುಮೋದನೆ ಬೇಕಿತ್ತು. ಜರ್ಮನಿಯ ಸಂವಿಧಾನ ನ್ಯಾಯಾಲಯ ನಡುವೆ ಕೆಲವು ವಾರ ತನ್ನ ದೇಶದ ಅನುಮೋದನೆಯನ್ನು ತಡೆಹಿಡಿಯಿತು. ಹಾಗಾಗಿ ಮೊದಲ ಬಾಂಡ್, 10 ವರ್ಷದ್ದು, 2,000 ಕೋಟಿಯದು, ಮಾರಾಟವಾಗುವಷ್ಟರಲ್ಲಿ 2021ರ ಜೂನ್ ಬಂದಿತ್ತು. ಸೋಂಕು ಯಾರ ಅನುಮೋದನೆಗೂ ಕಾದಿರಲಿಲ್ಲ.

ಈ ನೆರವಿನ ಮುಖ್ಯ ನಿಧಿಯ ಅನುದಾನದಲ್ಲಿ ಶೇ 70 ಭಾಗ ಜನಸಂಖ್ಯೆ, ತಲಾ ಆದಾಯ, 2015–19ರ ನಿರುದ್ಯೋಗ ನೋಡಿ ಹಂಚಿಕೆಯಾಯಿತು. ಉಳಿದ ಶೇ 30ಕ್ಕೆ ನಿರುದ್ಯೋಗದ ಬದಲು ಜಿಡಿಪಿ ಕುಸಿತದ ಲೆಕ್ಕ. ಇಟಲಿಗೆ 6,890 ಕೋಟಿ ಅನುದಾನ, 12,260 ಕೋಟಿ ಸಾಲ. ಮುಂಗಡ ಶೇ 13 ಮಾತ್ರ. ಮುಂದಿನ ಕಂತುಗಳು ಒಪ್ಪಿದ ಸುಧಾರಣೆ, ಕಾಮಗಾರಿ ಮುಗಿದಂತೆ. ಗುರಿ ತಪ್ಪಿದರೆ ಅಷ್ಟು ಹಣಕ್ಕೆ ತಡೆ.

ಬಾಂಡ್ ಮಾರಿ ಎತ್ತಿದ ಸಾಲ 2058ರೊಳಗೆ ತೀರಬೇಕು. ಯಾವ ಹೊಸ ಆದಾಯದಿಂದ ಎಂಬುದನ್ನು ಅಂದು ಮುಂದಕ್ಕೆ ಹಾಕಿದರು. 2024ರ ಡಿಸೆಂಬರ್‌ನಿಂದ ಆ 27 ದೇಶಗಳ ನಾಯಕರ ಸಭೆಗೆ ಅಧ್ಯಕ್ಷರು ಕೋಸ್ಟಾ. ಕಮಿಷನ್‌ನಲ್ಲಿ ತೆರಿಗೆಯ ಹೊಣೆ ಹೊತ್ತವರು ಹೂಕ್‌ಸ್ಟ್ರಾ.