ಈ ಪೆಟ್ಟಿಗೆಗೆ ಏನು ಗೊತ್ತು?

ಅವತ್ತು ಸೋಮವಾರ. ಬೆಳಗ್ಗೆ ಹತ್ತೂವರೆಗೆ ಎರಡನೇ ಮಹಡಿಯ ನೆಟ್‌ವರ್ಕ್ ಪೂರ್ತಿ ನಿಂತುಹೋಯಿತು. ನಾನು ಸಪೋರ್ಟ್ ಕೆಲಸಕ್ಕೆ ಸೇರಿ ಆಗ ನಾಲ್ಕು ತಿಂಗಳು. ಓಡಿಹೋಗಿ ರ‍್ಯಾಕ್ ಬಾಗಿಲು ತೆಗೆದೆ. ಮಹಡಿಯ ಕಂಪ್ಯೂಟರ್‌ಗಳನ್ನೆಲ್ಲ ಜೋಡಿಸುವ ಪೆಟ್ಟಿಗೆ, ಅಂದರೆ ಸ್ವಿಚ್‌ನ ಲೈಟುಗಳೆಲ್ಲ ಒಟ್ಟಿಗೆ, ಒಂದೇ ತಾಳಕ್ಕೆ ಮಿನುಗುತ್ತಿದ್ದವು. ಬೇರೆ ದಿನ ಹಾಗಿರುವುದಿಲ್ಲ. ಒಂದೊಂದು ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) ತನ್ನ ಪಾಡಿಗೆ ತಾನು ಮಿನುಗುತ್ತಿರುತ್ತದೆ. ಕನ್ಸೋಲ್ ಕೇಬಲ್ ಹಾಕಿ ಕಮಾಂಡ್ ಕೊಟ್ಟರೆ ಒಂದೊಂದು ಅಕ್ಷರ ಮೂಡಲೂ ಕಾಯಬೇಕಿತ್ತು.

ನಮ್ಮ ಸೀನಿಯರ್ ಬಂದರು. ಇಲ್ಲಿ ಅವರನ್ನು ಸರ್ ಅಂತಲೇ ಕರೆಯುತ್ತೇನೆ. ಲೈಟು ನೋಡಿದವರೇ "ಲೂಪ್ ಕಣಮ್ಮಾ" ಅಂದರು. ಒಂದೊಂದೇ ಕೇಬಲ್ ಕೀಳುತ್ತಾ ಹೋದರು. ಹದಿನೇಳನೆಯದನ್ನು ಕಿತ್ತಾಗ ಎಲ್ಲ ತಣ್ಣಗಾಯಿತು. ಆ ಕೇಬಲ್ ಜಾಡು ಹಿಡಿದು ಹೋದೆವು. ಬೆಳಗ್ಗೆ ಟೇಬಲ್ ಸರಿಸಿದವರು, ನೆಲದ ಮೇಲೆ ಬಿದ್ದಿದ್ದ ಕೇಬಲ್ ತುದಿಯನ್ನು ನೀಟಾಗಿರಲಿ ಅಂತ ಪಕ್ಕದ ಗೋಡೆ ಸಾಕೆಟ್‌ಗೆ ಚುಚ್ಚಿದ್ದರು. ಅದರ ಇನ್ನೊಂದು ತುದಿಯೂ ಗೋಡೆಯಲ್ಲೇ ಇತ್ತು. ಎರಡು ಸಾಕೆಟ್, ಒಂದೇ ಸ್ವಿಚ್. ಸ್ವಿಚ್‌ನಿಂದ ಹೊರಟದ್ದು ಸುತ್ತಿ ಅದೇ ಸ್ವಿಚ್‌ಗೆ ಬರುತ್ತಿತ್ತು, ಅದೇ ಲೂಪ್.

ಮಧ್ಯಾಹ್ನ ಊಟ ಮಾಡುವಾಗ ಸರ್ ಕೇಳಿದರು: "ಒಂದು ಫ್ರೇಮ್ ಅಲ್ಲಿ ಸುತ್ತುತ್ತಾ ಇತ್ತಲ್ಲ, ಅದು ಯಾಕೆ ಸಾಯಲಿಲ್ಲ ಹೇಳು?"

ಫ್ರೇಮ್ ಅಂದರೆ ಕೇಬಲ್‌ನಲ್ಲಿ ಹೋಗುವ ಮಾಹಿತಿಯ ಒಂದು ಕಟ್ಟು. ನನಗೆ ಉತ್ತರ ಗೊತ್ತಿರಲಿಲ್ಲ. ಬಿಸಿಎಯಲ್ಲಿ, ನೆಟ್‌ವರ್ಕ್ ಕೆಲಸವನ್ನು ಪದರಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತಗೊಂಡಿದ್ದೆ. ಆದರೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಉತ್ತರ ಇಷ್ಟು. ಫ್ರೇಮ್‌ನ ಒಳಗೆ ಹೋಗುವ ಐಪಿ ಪ್ಯಾಕೆಟ್‌ಗೆ ಆಯಸ್ಸು ಬರೆದಿರುತ್ತದೆ, ಅದೇ ಟಿಟಿಎಲ್. ವಿಂಡೋಸ್ ಸಾಮಾನ್ಯವಾಗಿ 128 ಅಂತ ಬರೆದು ಕಳಿಸುತ್ತದೆ, ಲಿನಕ್ಸ್ 64 ಅಂತ. ದಾರಿಯಲ್ಲಿ ಸಿಗುವ ಪ್ರತಿ ರೂಟರ್ (ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆ) ಒಂದೊಂದು ಕಳೆಯುತ್ತದೆ. ಸೊನ್ನೆ ಆದರೆ ಪ್ಯಾಕೆಟ್ ಅಲ್ಲೇ ಮುಗಿಯಿತು. ಈಥರ್ನೆಟ್ ಫ್ರೇಮ್‌ಗೆ ಅಂಥ ಲೆಕ್ಕವೇ ಇಲ್ಲ. ಸ್ವಿಚ್ ಅದನ್ನು ನೋಡುತ್ತದೆ, ಬ್ರಾಡ್‌ಕಾಸ್ಟ್ (ಎಲ್ಲರಿಗೂ ಕಳಿಸಿದ್ದು) ಆಗಿದ್ದರೆ ಬಂದ ಪೋರ್ಟ್ ಬಿಟ್ಟು ಉಳಿದ ಎಲ್ಲ ಪೋರ್ಟ್‌ಗೂ ಬಿಡುತ್ತದೆ. ಲೂಪ್ ಇದ್ದರೆ ಅದೇ ಫ್ರೇಮ್ ವಾಪಸ್ ಬರುತ್ತದೆ. ಸ್ವಿಚ್ ಪಾಲಿಗೆ ಅದು ಹೊಸದು! ಮತ್ತೆ ಎಲ್ಲ ಕಡೆ ಬಿಡುತ್ತದೆ. ಯಾರೋ ಒಬ್ಬರ ಕಂಪ್ಯೂಟರ್ ಕೇಳಿದ ಒಂದೇ ಒಂದು ಎಆರ್‌ಪಿ ಪ್ರಶ್ನೆ (ಈ ಐಪಿ ಅಡ್ರೆಸ್‌ನವರ ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಹಾರ್ಡ್‌ವೇರ್ ನಂಬರ್, ಯಾವುದು ಅನ್ನುವ ಪ್ರಶ್ನೆ) ಇಡೀ ಮಹಡಿಯನ್ನು ಮುಳುಗಿಸಬಲ್ಲದು.

"ನೀನು ಪದರ ಎಣಿಸೋದು ಬಿಡು" ಅಂದರು ಸರ್. "ಪೆಟ್ಟಿಗೆ ಮುಂದೆ ನಿಂತು, ಇದಕ್ಕೆ ಈಗ ಏನು ಗೊತ್ತು ಅಂತ ಕೇಳು. ಅಷ್ಟು ಸಾಕು."

ಆ ಮಾತು ನನ್ನ ಕಲಿಕೆಯನ್ನೇ ತಿರುಗಿಸಿತು. ಸ್ವಿಚ್‌ಗೆ ಗೊತ್ತಿರುವುದು ಒಂದು ಪಟ್ಟಿ. ಯಾವ ಮ್ಯಾಕ್ ಅಡ್ರೆಸ್ ಯಾವ ಪೋರ್ಟ್‌ನಿಂದ ಬಂತು ಅಂತ. ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ಬಂದವರ ಮುಖ ನೋಡಿ ತಾನೇ ಬರೆದುಕೊಳ್ಳುತ್ತದೆ. ಸಿಸ್ಕೋ ಕಂಪನಿಯ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ 300 ಸೆಕೆಂಡ್ ಮಾತೇ ಆಡದವರನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. ಗೊತ್ತಿಲ್ಲದವರನ್ನು ಕೇಳಿ ಬಂದರೆ ಎಲ್ಲ ಬಾಗಿಲಲ್ಲೂ ಕೂಗುತ್ತದೆ. ಇಷ್ಟೇ ಅದರ ಜ್ಞಾನ. ಆವತ್ತಿನ ಲಾಗ್ ತೆಗೆದು ಓದಿದಾಗ ಒಂದೇ ಮ್ಯಾಕ್ ಅಡ್ರೆಸ್ ಎರಡು ಪೋರ್ಟ್‌ಗಳ ಮಧ್ಯೆ ಹಾರಾಡುತ್ತಿದೆ ಅಂತ ಸಾಲುಸಾಲಾಗಿ ಬರೆದಿತ್ತು. ಪಾಪ, ಅದು ಸತ್ಯವನ್ನೇ ಹೇಳುತ್ತಿತ್ತು. ಓದಲು ನಮಗೆ ಬರಬೇಕಿತ್ತು ಅಷ್ಟೇ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಇಂಥ ಲೂಪ್ ತಡೆಯಲಿಕ್ಕೇ ಸ್ವಿಚ್‌ನಲ್ಲಿ ಸ್ಪ್ಯಾನಿಂಗ್ ಟ್ರೀ ಅನ್ನುವ ವ್ಯವಸ್ಥೆ ಇದೆ, ಅಲ್ವಾ? ಅದೇನು ಮಾಡುತ್ತಿತ್ತು? ಕಾನ್ಫಿಗ್ ತೆಗೆದು ನೋಡಿದರೆ ಆ ವಿಲ್ಯಾನ್‌ಗೆ (ಒಂದೇ ಸ್ವಿಚ್‌ನೊಳಗೆ ಬೇರೆ ಮಾಡಿಟ್ಟ ನೆಟ್‌ವರ್ಕ್) ಅದನ್ನು ಆಫ್ ಮಾಡಿದ್ದರು. ಹಿಂದೆ ಯಾರೋ ಮಾಡಿದ್ದು. ಕಾರಣವೂ ಗೊತ್ತಾಯಿತು. ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಕೇಬಲ್ ಹಾಕಿದ ಪೋರ್ಟ್ ತಕ್ಷಣ ಕೆಲಸ ಶುರು ಮಾಡುವುದಿಲ್ಲ. 15 ಸೆಕೆಂಡ್ ಕೇಳಿಸಿಕೊಳ್ಳುತ್ತದೆ, ಇನ್ನೊಂದು 15 ಸೆಕೆಂಡ್ ಕಲಿಯುತ್ತದೆ. ಆ ಅರ್ಧ ನಿಮಿಷದಲ್ಲಿ ಕಂಪ್ಯೂಟರ್ ಐಪಿ ಅಡ್ರೆಸ್ ಕೇಳಿ ಕೇಳಿ ಸುಸ್ತಾಗಿ, 169.254 ಅಂತ ಶುರುವಾಗುವ ಅಡ್ರೆಸ್ಸನ್ನು ತಾನೇ ಇಟ್ಟುಕೊಳ್ಳುತ್ತದೆ. ಅದರಲ್ಲಿ ನೆಟ್ ಬರುವುದಿಲ್ಲ, ಜನ ದೂರು ಕೊಟ್ಟಿರುತ್ತಾರೆ. ಕಾಯಿಸದೆ ಪೋರ್ಟನ್ನು ತಕ್ಷಣ ತೆರೆಯುವ ಪೋರ್ಟ್‌ಫಾಸ್ಟ್ ಹಾಕಿದ್ದರೆ ಮುಗಿಯುತ್ತಿತ್ತು. ಕಂಪ್ಯೂಟರ್ ಇರುವ ಪೋರ್ಟ್‌ಗೆ ಪೋರ್ಟ್‌ಫಾಸ್ಟ್, ಜೊತೆಗೆ, ಅಲ್ಲಿ ಸ್ಪ್ಯಾನಿಂಗ್ ಟ್ರೀ ಸಂದೇಶ ಬಂದರೆ ಪೋರ್ಟನ್ನೇ ಮುಚ್ಚುವ ಬಿಪಿಡಿಯು ಗಾರ್ಡ್. ಎರಡು ಸಾಲು. ಅದರ ಬದಲು ಕಾವಲುಗಾರನನ್ನೇ ಮನೆಗೆ ಕಳಿಸಿದ್ದರು. ಯಾರನ್ನೂ ಬೈಯಲು ಇದನ್ನು ಹೇಳುತ್ತಿಲ್ಲ. ಆ ಜಾಗದಲ್ಲಿ ನಾನಿದ್ದಿದ್ದರೂ ಆಗ ಅದನ್ನೇ ಮಾಡುತ್ತಿದ್ದೆ.

ಸ್ಪ್ಯಾನಿಂಗ್ ಟ್ರೀ ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್. 1985ರಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದಾಗ. ಆ ವಿಷಯದ ಮೇಲೆ ಒಂದು ಪುಟ್ಟ ಪದ್ಯವನ್ನೂ ಬರೆದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಟೀಮಿನಲ್ಲಿ ಹನ್ನೊಂದು ಜನ, ಹುಡುಗಿ ನಾನೊಬ್ಬಳೇ. ನಾನು ದಿನಾ ಮುಟ್ಟುವ ಪೆಟ್ಟಿಗೆಯ ಒಳಗಿನ ಬುದ್ಧಿ ಒಬ್ಬ ಹೆಂಗಸಿನದು ಅನ್ನುವುದು ನನಗೆ ದೊಡ್ಡ ಬಲವಾಗಿತ್ತು. ಈಗಲೂ ಇದೆ.

ಮುಂದಿನ ತಿಂಗಳ ಸಂಬಳ ಬಂದಾಗ ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದೆ. ಹಳೆಯ ಸಿಸ್ಕೋ 2960 ಸ್ವಿಚ್ ಎರಡು, 1841 ರೂಟರ್ ಒಂದು ತಂದೆ. ಪಿಜಿ ರೂಮಿನಲ್ಲಿ ಅವುಗಳ ಫ್ಯಾನ್ ಸದ್ದು ಜಾಸ್ತಿ. ರೂಮ್‌ಮೇಟ್ ನೈಟ್ ಶಿಫ್ಟ್‌ಗೆ ಹೋದ ಮೇಲೆ ಮಾತ್ರ ಆನ್ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಕಂಪ್ಯೂಟರ್‌ನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಪುಕ್ಕಟೆ ಸಿಗುತ್ತದೆ, ಶುರುಮಾಡುವವರಿಗೆ ಅದೇ ಸಾಕು. ಅದರಲ್ಲಿ ಸಿಮ್ಯುಲೇಷನ್ ಹಾಕಿ ಒಂದೊಂದೇ ಹೆಜ್ಜೆಗೆ ಫ್ರೇಮ್ ಹಿಂದೆ ಹೋಗಬಹುದು. ಆದರೆ ನನಗೆ ಆ ಲೈಟುಗಳು ಮತ್ತೆ ಒಂದೇ ತಾಳಕ್ಕೆ ಮಿನುಗುವುದನ್ನು ನೋಡಬೇಕಿತ್ತು. ಬೇಕಂತಲೇ ಸ್ಪ್ಯಾನಿಂಗ್ ಟ್ರೀ ಆಫ್ ಮಾಡಿದೆ, ಎರಡು ಕೇಬಲ್ ಹಾಕಿದೆ. ಬಂತು ಬಿರುಗಾಳಿ. ಆನ್ ಮಾಡಿದೆ. ಒಂದು ಪೋರ್ಟ್ ಕಿತ್ತಳೆ ಬಣ್ಣಕ್ಕೆ ತಿರುಗಿ ಸುಮ್ನೆ ಕೂತಿತು. ಅದನ್ನು ನೋಡುತ್ತಾ ಎಷ್ಟೋ ಹೊತ್ತು ಕೂತಿದ್ದೆ.

ಅಲ್ಲೇ ಇನ್ನೊಂದು ವಿಷಯ ಕಂಡಿತು. ಸ್ವಿಚ್‌ಗಳು ತಮ್ಮಲ್ಲೇ ಒಬ್ಬ ಯಜಮಾನನನ್ನು ಆರಿಸಿಕೊಳ್ಳುತ್ತವೆ, ಅದು ರೂಟ್ ಬ್ರಿಡ್ಜ್. ಪ್ರಯಾರಿಟಿ ನಂಬರ್ ಚಿಕ್ಕದಿದ್ದವರು ಗೆಲ್ಲುತ್ತಾರೆ. ನಾವು ಏನೂ ಹೇಳದಿದ್ದರೆ ಎಲ್ಲರ ಪ್ರಯಾರಿಟಿಯೂ 32768. ಆಗ ಯಾರ ಮ್ಯಾಕ್ ಅಡ್ರೆಸ್ ಚಿಕ್ಕದೋ ಅವರೇ ಯಜಮಾನ. ಎಷ್ಟೋ ಸಲ ಚಿಕ್ಕ ಅಡ್ರೆಸ್ ಇರುವುದು ಎಲ್ಲಕ್ಕಿಂತ ಹಳೆಯ ಪೆಟ್ಟಿಗೆಗೆ. ಮರುದಿನ ಆಫೀಸಿನಲ್ಲಿ ನೋಡಿದೆ. ಹಾಗೇ ಇತ್ತು. ಮೂಲೆಯ ಸ್ಟೋರ್ ರೂಮಿನ ಹಳೆಯ ಸ್ವಿಚ್ ಇಡೀ ಕಟ್ಟಡದ ರೂಟ್ ಆಗಿ ಕೂತಿತ್ತು. ಸರ್‌ಗೆ ತೋರಿಸಿದೆ. ಒಂದು ಭಾನುವಾರ ಎಲ್ಲಕ್ಕೂ ಮುಖ್ಯವಾದ ಕೋರ್ ಸ್ವಿಚ್‌ನ ಪ್ರಯಾರಿಟಿ 4096ಕ್ಕೆ ಇಳಿಸಿ ಅದನ್ನೇ ರೂಟ್ ಮಾಡಿದೆವು.

ರೂಟಿಂಗ್ ನನಗೆ ಇದಕ್ಕಿಂತ ಬೇಗ ಹತ್ತಿತು. ಕಾರಣ ತಿಪಟೂರು ಬಸ್ ಸ್ಟ್ಯಾಂಡ್. ಚಿಕ್ಕವಳಿದ್ದಾಗ ಅಮ್ಮನ ಜೊತೆ ಧರ್ಮಸ್ಥಳಕ್ಕೆ ಹೊರಟಾಗ ಅಲ್ಲಿ ಕೇಳಿದರೆ "ಹಾಸನಕ್ಕೆ ಹೋಗಿ, ಅಲ್ಲಿಂದ ಸಿಗುತ್ತೆ" ಅನ್ನುತ್ತಿದ್ದರು. ಅವರಿಗೆ ಪೂರ್ತಿ ದಾರಿ ಬೇಕಿಲ್ಲ. ಮುಂದಿನ ಸ್ಟ್ಯಾಂಡ್ ಗೊತ್ತಿದ್ದರೆ ಸಾಕು. ರೂಟರ್‌ಗೆ ಗೊತ್ತಿರುವುದೂ ಅಷ್ಟೇ, ನೆಕ್ಸ್ಟ್ ಹಾಪ್. ನಮ್ಮ ಬ್ಯಾಗಿನ ಮೇಲಿನ ಚೀಟಿಯಲ್ಲಿ ಮನೆ ಅಡ್ರೆಸ್, ಹೋಗುವ ಊರು ಎರಡೂ ಹಾಗೇ ಇರುತ್ತವೆ. ಬಸ್ ಬದಲಾದಾಗ ಟಿಕೆಟ್ ಮಾತ್ರ ಬದಲಾಗುತ್ತದೆ. ಐಪಿ ಅಡ್ರೆಸ್ ಆ ಚೀಟಿ, ಮ್ಯಾಕ್ ಅಡ್ರೆಸ್ ಆ ಟಿಕೆಟ್. ಪ್ರತಿ ರೂಟರ್ ಹಳೆಯ ಟಿಕೆಟ್ ಹರಿದು ಹೊಸದು ಕೊಡುತ್ತದೆ. ಇದನ್ನು ಎಷ್ಟು ಪಾಠ ಕೇಳಿದರೂ ಹಿಡಿಯಲಾಗಿರಲಿಲ್ಲ. ಬಸ್ಸಿನ ಕಿಟಕಿ ಪಕ್ಕ ಕೂತಿದ್ದಾಗ ಒಮ್ಮೆಲೇ ಹೊಳೆಯಿತು.

ಹಾಸನದಿಂದ ಆಚೆಗೆ ಎರಡು ದಾರಿ. ಸಕಲೇಶಪುರದ ಮೇಲೆ ಶಿರಾಡಿ ಘಾಟಿ, ಮೂಡಿಗೆರೆಯ ಮೇಲೆ ಚಾರ್ಮಾಡಿ ಘಾಟಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಬಸ್‌ಗಳು ಚಾರ್ಮಾಡಿ ಕಡೆ ತಿರುಗುತ್ತವೆ. ನಾವೇ ಕೈಯಾರೆ ಬರೆದಿಡುವ ಸ್ಟ್ಯಾಟಿಕ್ ರೂಟ್ ಅಂದರೆ ಗುಡ್ಡ ಕುಸಿದದ್ದು ಗೊತ್ತಾಗದೆ ಶಿರಾಡಿಗೇ ಬಸ್ ಬಿಡುವವನು. ರೂಟರ್‌ಗಳು ತಾವೇ ಮಾತಾಡಿಕೊಂಡು ದಾರಿ ಕಂಡುಕೊಳ್ಳುವ ಓಎಸ್‌ಪಿಎಫ್ ಅಂದರೆ ಪಕ್ಕದ ಸ್ಟ್ಯಾಂಡ್‌ಗೆ ಹತ್ತು ಸೆಕೆಂಡಿಗೊಮ್ಮೆ ಫೋನ್ ಮಾಡಿ "ಇದ್ದೀರಾ?" ಅಂತ ಕೇಳುವವನು. ಈಥರ್ನೆಟ್ ಲಿಂಕ್ ಆದರೆ 40 ಸೆಕೆಂಡ್ ಉತ್ತರ ಬರದಿದ್ದರೆ ಆ ದಾರಿ ಹೋಯಿತು ಅಂತ ಲೆಕ್ಕ. ಮತ್ತೆ ಕೂತು ಕಡಿಮೆ ಖರ್ಚಿನ ದಾರಿ ಹುಡುಕುತ್ತದೆ. ಆ ಲೆಕ್ಕ ಡಚ್ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅವರದು. 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಮದುವೆಯಾಗಲಿದ್ದ ಹುಡುಗಿಯ ಜೊತೆ ಅಂಗಡಿ ಸುತ್ತಿ ದಣಿದು, ಕಾಫಿ ಕುಡಿಯುತ್ತಾ ಕೂತಿದ್ದಾಗ ಇಪ್ಪತ್ತು ನಿಮಿಷದಲ್ಲಿ ಹೊಳೆದದ್ದು. ಕೈಯಲ್ಲಿ ಕಾಗದ ಪೆನ್ಸಿಲ್ ಇರಲಿಲ್ಲವಂತೆ. ರಾಟರ್‌ಡ್ಯಾಮ್‌ನಿಂದ ಗ್ರೋನಿಂಗನ್‌ಗೆ ಹತ್ತಿರದ ದಾರಿ ಯಾವುದು ಅನ್ನುವುದು ಅವರ ಪ್ರಶ್ನೆ. ಅವರದೂ ಊರಿನಿಂದ ಊರಿಗೆ ಹೋಗುವ ದಾರಿಯೇ.

ಸಬ್‌ನೆಟ್ಟಿಂಗ್, ಅಂದರೆ ಒಂದು ನೆಟ್‌ವರ್ಕ್‌ನ ಅಡ್ರೆಸ್‌ಗಳನ್ನು ಪಾಲು ಮಾಡುವ ವಿಷಯದಲ್ಲಿ ನಾನು ಅಜ್ಜನಿಗೆ ಋಣಿ. ಇದನ್ನು ಬರೆಯಲಿಕ್ಕೇ ಈ ಪೋಸ್ಟ್ ಶುರುಮಾಡಿದೆ ಅಂದರೂ ತಪ್ಪಿಲ್ಲ. ಸ್ಲ್ಯಾಷ್ 26, ಸ್ಲ್ಯಾಷ್ 27 ಅಂತ ಪೇಪರ್ ಮೇಲೆ ಸೊನ್ನೆ ಒಂದು ಬರೆದು ಬರೆದು ತಲೆ ಕೆಟ್ಟಿತ್ತು. ಊರಿಗೆ ಹೋದಾಗ ಅಜ್ಜ ತೆಂಗಿನ ತೋಟದ ಪಾಲಿನ ಮಾತು ತೆಗೆದಿದ್ದರು. "ಅವನಿಗೆ ಕಾಲು, ಇವನಿಗೆ ಅರೆಕಾಲು, ದೇವಸ್ಥಾನಕ್ಕೆ ಒಂದು ವೀಸ." ವೀಸ ಅಂದರೆ ಹದಿನಾರನೇ ಒಂದು ಭಾಗ. ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ.

ಸ್ಲ್ಯಾಷ್ 24 ಅಂದರೆ ಇಡೀ ತೋಟ, 256 ಅಡ್ರೆಸ್. ಸ್ಲ್ಯಾಷ್ 25 ಅರ್ಧ, 128. ಸ್ಲ್ಯಾಷ್ 26 ಕಾಲು, 64. ಸ್ಲ್ಯಾಷ್ 27 ಅರೆಕಾಲು, 32. ಸ್ಲ್ಯಾಷ್ 28 ವೀಸ, 16. ಪ್ರತಿ ಪಾಲಿನ ಎರಡು ತುದಿಯಲ್ಲೂ ಬದು ಹಾಕಬೇಕು, ಅಲ್ಲಿ ಬೆಳೆ ಇಡುವಂತಿಲ್ಲ. ಮೊದಲನೆಯದು ನೆಟ್‌ವರ್ಕ್ ಅಡ್ರೆಸ್, ಕೊನೆಯದು ಬ್ರಾಡ್‌ಕಾಸ್ಟ್. ಹಾಗಾಗಿ ಕಾಲಿನಲ್ಲಿ 62, ವೀಸದಲ್ಲಿ 14. ಪಾಲಿನ ಅಳತೆ ಹೇಳುವ ಮಾಸ್ಕ್‌ನ ಕೊನೆಯ ಸಂಖ್ಯೆ ಬೇಕಾದರೆ 256ರಲ್ಲಿ ಪಾಲು ಕಳೆದರೆ ಆಯಿತು. ಕಾಲಿಗೆ 192, ಅರೆಕಾಲಿಗೆ 224, ವೀಸಕ್ಕೆ 240. ಅಜ್ಜನಿಗೆ ಇದನ್ನೆಲ್ಲ ವಿವರಿಸಿದೆ. "ನಿಮ್ಮ ಕಂಪ್ಯೂಟರ್‌ನೋರಿಗೂ ಬದು ಬಿಡೋ ಬುದ್ಧಿ ಇದೆ ಅನ್ನು" ಅಂತ ಖುಷಿಪಟ್ಟರು. ಅಂದಿನಿಂದ ನಾನು ಸಬ್‌ನೆಟ್ ಲೆಕ್ಕಕ್ಕೆ ಪೆನ್ ಹಿಡಿದಿಲ್ಲ. ಕಾಲು ಮಗ್ಗಿ ಬರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ದಯವಿಟ್ಟು ಅವರ ಹತ್ತಿರ ಕೂತು ಕಲಿಯಿರಿ.

ಸಿಸ್ಕೋದ ಸಿಸಿಎನ್‌ಎ ಸರ್ಟಿಫಿಕೇಟ್ ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2020ರ ಫೆಬ್ರವರಿಯಿಂದ 200-301 ಅನ್ನುವ ಒಂದೇ ಪರೀಕ್ಷೆ, ಎರಡು ಗಂಟೆ. ಮುಂಚೆ ರೂಟಿಂಗ್ ಅಂಡ್ ಸ್ವಿಚಿಂಗ್ ಅಂತಲೇ ಬೇರೆ ಇತ್ತು. ಬರೆದೆ, ಪಾಸಾದೆ.

ಅದಕ್ಕಿಂತ ಮುಖ್ಯವಾದದ್ದು ಪಾಸಾದ ಮೇಲೆ ಮಾಡಿದ ಒಂದು ತಪ್ಪು. ದೂರದ ಬ್ರಾಂಚ್ ಒಂದರ ಟ್ರಂಕ್‌ಗೆ (ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಒಯ್ಯುವ ಲಿಂಕ್) ವಿಲ್ಯಾನ್ 30 ಸೇರಿಸಬೇಕಿತ್ತು. 'ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್' ಅಂತ ಬರೆದು, 'ಆಡ್' ಅನ್ನುವ ಪದ ಬಿಟ್ಟು, 30 ಹೊಡೆದೆ. ಆ ಪದ ಇಲ್ಲದಿದ್ದರೆ ಉಳಿದ ವಿಲ್ಯಾನ್‌ಗಳೆಲ್ಲ ಹೋಗಿ 30 ಒಂದೇ ಉಳಿಯುತ್ತದೆ. ನಾನು ಒಳಗೆ ಬಂದಿದ್ದ ದಾರಿಯೇ ಮುಚ್ಚಿತು. ನಲವತ್ತು ಜನರ ಕೆಲಸ ನಿಂತಿತು. ಅಲ್ಲಿನ ಸೆಕ್ಯುರಿಟಿಯವರಿಗೆ ಫೋನ್ ಮಾಡಿ ಸ್ವಿಚ್ ಆಫ್ ಮಾಡಿ ಆನ್ ಮಾಡಿಸಿದೆ. ಸೇವ್ ಮಾಡಿರಲಿಲ್ಲವಾದ್ದರಿಂದ ಹಳೆಯ ಕಾನ್ಫಿಗ್ ವಾಪಸ್ ಬಂತು. ಈಗ ದೂರದ ಪೆಟ್ಟಿಗೆ ಮುಟ್ಟುವ ಮುಂಚೆ 'ರೀಲೋಡ್ ಇನ್ 10' ಹಾಕಿಯೇ ಶುರುಮಾಡುತ್ತೇನೆ. ಏನಾದರೂ ಎಡವಟ್ಟಾದರೆ ಹತ್ತು ನಿಮಿಷಕ್ಕೆ ಅದೇ ರೀಸ್ಟಾರ್ಟ್ ಆಗುತ್ತದೆ. ಎಲ್ಲ ಸರಿಹೋದರೆ ರೀಲೋಡ್ ಕ್ಯಾನ್ಸಲ್ ಮಾಡಿ ಸೇವ್ ಮಾಡುತ್ತೇನೆ. ಹೊಸದಾಗಿ ಕಲಿಯುವವರು ಇದನ್ನು ಗೋಡೆ ಮೇಲೆ ಬರೆದುಕೊಳ್ಳಿ.

ಆ ಎರಡು 2960 ಈಗ ಊರಲ್ಲಿವೆ, 1841 ಕೂಡ. ಚಿಕ್ಕಪ್ಪನ ಮಗ ಡಿಪ್ಲೊಮಾ ಓದುತ್ತಿದ್ದಾನೆ, ಅವನಿಗೆ ಕೊಟ್ಟೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಪಿಂಗ್, ಅಂದರೆ 'ಇದ್ದೀಯಾ?' ಅಂತ ಕೇಳುವ ಪರೀಕ್ಷೆ ಮಾಡುತ್ತಿದ್ದ. ಉತ್ತರ ಬರದಿದ್ದರೆ ರೂಟರ್ ಚುಕ್ಕಿ ತೋರಿಸುತ್ತದೆ.

"ಅಕ್ಕಾ, ಲ್ಯಾಪ್‌ಟಾಪ್‌ಗೆ ರೂಟರ್‌ನಿಂದ ಪಿಂಗ್ ಹೊಡೆದೆ. ಐದರಲ್ಲಿ ಮೊದಲನೇದು ಚುಕ್ಕಿ ಬಂತು. ಉಳಿದ ನಾಲ್ಕು ಸರಿ ಇದೆ. ಕೇಬಲ್ ಹೋಗಿದೆಯಾ?"

"ಕೇಬಲ್ ಬಿಡು. ಮೊದಲನೇ ಪಿಂಗ್ ಹೊರಡೋವಾಗ ರೂಟರ್‌ಗೆ ನಿನ್ನ ಲ್ಯಾಪ್‌ಟಾಪ್ ಬಗ್ಗೆ ಏನು ಗೊತ್ತಿತ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಫ್ಯಾನ್ ಸದ್ದು ಕೇಳಿಸುತ್ತಿತ್ತು.

"ಐಪಿ ಗೊತ್ತಿತ್ತು... ಮ್ಯಾಕ್ ಗೊತ್ತಿರಲಿಲ್ಲ. ಎಆರ್‌ಪಿ ಕೇಳ್ತಾ ಇತ್ತಾ?"

"ಇನ್ನೊಂದು ಸಲ ಹೊಡಿ ನೋಡೋಣ."

ಕೀಲಿಗಳ ಸದ್ದು. ಆಮೇಲೆ ಅವನು ಎಣಿಸಿದ: ಒಂದು, ಎರಡು, ಮೂರು, ನಾಲ್ಕು, ಐದು.