432ನ್ನು 4ರಿಂದ ಭಾಗಿಸಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ನಮ್ಮ ಜಿಲ್ಲೆ ಎಷ್ಟನೇ ಸ್ಥಾನ? ನಾನು ಬ್ಯಾಡಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಹಾವೇರಿ ಜಿಲ್ಲೆ ಮೇಲೆ ಬರಬೇಕು ಅನ್ನುವ ಆಸೆ ನನಗೂ ಇದೆ. ಆದರೆ ಆ ಪಟ್ಟಿ ನೋಡಿ ಮಕ್ಕಳು ಎಷ್ಟು ಕಲಿತರು ಅಂತ ಹೇಳೋಕೆ ಬರುವುದಿಲ್ಲ.

2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಗ್ರೇಸ್ ಅಂಕ ಹೆಚ್ಚಿಸಿದ ಮೇಲೆ. 2025ರ ಮೊದಲ ಪರೀಕ್ಷೆಯಲ್ಲಿ ಆ ಹೆಚ್ಚುವರಿ ಗ್ರೇಸ್ ಇರಲಿಲ್ಲ, 62.34 ಬಂತು. ಎಲ್ಲರೂ ಕುಸಿತ ಅಂದರು. ನನಗೆ ಹಾಗೆ ಅನಿಸಲಿಲ್ಲ. ಗ್ರೇಸ್ ತೆಗೆದು ನೋಡಿದರೆ 2024ಕ್ಕಿಂತ 2025 ಮೇಲು. ಕ್ಯಾಮೆರಾ ಮುಂದೆ ಕೂತು ಸ್ವಂತ ಬುದ್ಧಿಯಿಂದ ಬರೆದ ಅಂಕ ಅದು. ಅದಕ್ಕೆ ನನ್ನ ಗೌರವ ಜಾಸ್ತಿ.

ಹತ್ತನೇ ತರಗತಿಗೆ ನಾವು ಮಾಡುವ ಕೆಲಸ ಕಡಿಮೆಯೇನಿಲ್ಲ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ಸರಣಿ ಪರೀಕ್ಷೆ, ಮನೆ ಭೇಟಿ ಎಲ್ಲ ಇದೆ. ಓದೋಕೆ ಏಳಲಿ ಅಂತ ನಸುಕಿನಲ್ಲೇ ಫೋನ್ ಮಾಡಿ ಎಬ್ಬಿಸುವ ಶಿಕ್ಷಕರಿದ್ದಾರೆ. ಪಕ್ಕದ ಧಾರವಾಡದಲ್ಲಿ ಇದಕ್ಕೆಂದೇ ‘ಮಿಷನ್ ವಿದ್ಯಾಕಾಶಿ’ ಶುರುವಾಯಿತು. ಜಿಲ್ಲಾಡಳಿತವೇ ಮಕ್ಕಳ ಬೆನ್ನಿಗೆ ನಿಂತದ್ದು ಸಣ್ಣ ಮಾತಲ್ಲ. ಎಲ್ಲೆಲ್ಲೂ ‘ಪಾಸಿಂಗ್ ಪ್ಯಾಕೇಜ್’ ಅಂತೂ ಇದ್ದೇ ಇದೆ. ಇಷ್ಟು ಪ್ರಶ್ನೆ ಪಕ್ಕಾ ಮಾಡಿಕೊಂಡರೆ ಪಾಸಾಗಲು ಸಾಕು ಅನ್ನುವ ಪಟ್ಟಿ ಅದು.

ಈ ಪ್ಯಾಕೇಜಿನ ಒಳಗೆ ಏನಾಗುತ್ತದೆ ಅಂತ ಒಂದು ಉದಾಹರಣೆ ಹೇಳುತ್ತೇನೆ.

ನಮ್ಮ ಒಬ್ಬ ಹುಡುಗ ತ್ರಿಭುಜದ ಮೇಲಿನ ಥೇಲ್ಸ್ ಪ್ರಮೇಯವನ್ನು ಅಚ್ಚುಕಟ್ಟಾಗಿ ಬರೆಯುತ್ತಾನೆ. ಚಿತ್ರ, ದತ್ತ, ಸಾಧನೀಯ, ಸಾಧನೆ, ಒಂದು ಸಾಲೂ ತಪ್ಪುವುದಿಲ್ಲ. ತ್ರಿಭುಜಕ್ಕೆ ಎಬಿಸಿ ಬದಲು ಪಿಕ್ಯೂಆರ್ ಅಂತ ಹೆಸರಿಟ್ಟೆ. ಪೆನ್ನು ಅಲ್ಲೇ ನಿಂತಿತು. ಅವನಿಗೇ 432 ಭಾಗಿಸು 4 ಅಂತ ಕೊಟ್ಟೆ. ನಾಲ್ಕರಲ್ಲಿ ನಾಲ್ಕು ಒಂದು ಸಲ. ಮೂರರಲ್ಲಿ ನಾಲ್ಕು ಹೋಗಲ್ಲ, ಎರಡು ಇಳಿಸಿಕೊಂಡ. ಮೂವತ್ತೆರಡರಲ್ಲಿ ಎಂಟು ಸಲ. ಉತ್ತರ 18.

‘432 ರೂಪಾಯಿ ಪಗಾರ ನಾಲ್ಕು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ 18 ರೂಪಾಯಿನಾ?’ ಅಂತ ಕೇಳಿದೆ.

‘ಇಲ್ರಿ ಅಕ್ಕೋರ, ನೂರರ ಮ್ಯಾಲ ಬರಬೇಕ್ರಿ’ ಅಂದ. ಯೋಚನೆಯೇ ಮಾಡಲಿಲ್ಲ, ತಟ್ಟನೆ ಅಂದ.

ಅಂದರೆ ಬುದ್ಧಿ ಇದೆ. ಹತ್ತರ ಸ್ಥಾನದಲ್ಲಿ ಸೊನ್ನೆ ಯಾಕೆ ಬರೆಯಬೇಕು ಅನ್ನುವುದು ಮಾತ್ರ ಗೊತ್ತಿಲ್ಲ. ಕಾಗದ ಹರಿದು ನೂರರ ನೋಟು ನಾಲ್ಕು, ಹತ್ತರ ನೋಟು ಮೂರು, ಒಂದರ ನಾಣ್ಯ ಎರಡು ಮಾಡಿದೆವು. ನೂರರ ನೋಟು ತಲೆಗೊಂದು ಬಂತು. ಹತ್ತರ ನೋಟು ಮೂರೇ ಇವೆ, ನಾಲ್ಕು ಜನಕ್ಕೆ ಸಾಲಲ್ಲ. ಯಾರಿಗೂ ಇಲ್ಲ, ಅಲ್ಲಿ ಸೊನ್ನೆ ಬರಿ. ಮೂರನ್ನೂ ಚಿಲ್ಲರೆ ಮಾಡಿಸಿದರೆ ಒಟ್ಟು 32 ಒಂದು ರೂಪಾಯಿ, ತಲೆಗೆ ಎಂಟು. 108. ಅವನು ಸುಮ್ನೆ ಆ ಸೊನ್ನೆಯನ್ನೇ ನೋಡುತ್ತಾ ಕೂತ. ಆಮೇಲೆ ‘ಇನ್ನೊಂದು ಕೊಡ್ರಿ’ ಅಂದ.

ಇದು ನಾಲ್ಕು, ಐದನೇ ತರಗತಿಯ ಪಾಠ. 2025-26ರಲ್ಲಿ ಹತ್ತನೇ ಕ್ಲಾಸಿನಲ್ಲಿದ್ದ ಮಕ್ಕಳು 2020-21ರಲ್ಲಿ ಐದನೇ ತರಗತಿಯಲ್ಲಿದ್ದರು. ಆ ವರ್ಷ ಕೋವಿಡ್‌ಗೆ ಶಾಲೆ ಮುಚ್ಚಿತ್ತು. ಮುಂದೆ 2022-23ರಲ್ಲಿ, ತಪ್ಪಿಹೋದ ಕಲಿಕೆ ತುಂಬಲು ‘ಕಲಿಕಾ ಚೇತರಿಕೆ’ ಬಂತು. ಒಳ್ಳೆಯ ಕಾರ್ಯಕ್ರಮ. ಆದರೆ ಕಳೆದುಹೋದದ್ದನ್ನು ಒಂದೇ ವರ್ಷದಲ್ಲಿ ತುಂಬೋದು ಹೇಗೆ? ಹತ್ತನೇ ಕ್ಲಾಸಿನ ಜನವರಿಯಲ್ಲಿ ಇದನ್ನು ಹಿಡಿಯಲು ಹೊರಟರೆ ನಮಗೆ ಉಳಿಯುವುದು ಬಾಯಿಪಾಠ ಒಂದೇ.

ಇನ್ನು ನಮ್ಮ ಕಡೆ ಜನವರಿ ಅಂದರೆ ಮೆಣಸಿನಕಾಯಿ. ಜನವರಿಯಿಂದ ಮಾರ್ಚ್‌ವರೆಗೆ ಹೊಲದಲ್ಲಿ ಬಿಡಿಸುವ ಕೆಲಸ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆ ತುಂಬಿ ತುಳುಕುತ್ತದೆ. ಇತ್ತ ಮಾರ್ಚ್‌ನಲ್ಲೇ ಪರೀಕ್ಷೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬರುತ್ತಿರಲಿಲ್ಲ ಅಂತ ಮನೆಗೆ ಹೋದೆ. ಅವರವ್ವ ಅಂದರು, ‘ಆಳು ಸಿಗವಲ್ರು ಅಕ್ಕೋರ. ಈಕಿನೂ ಬಂದ್ರ ಎರಡು ಪಗಾರ ಆಗತೈತಿ. ಹತ್ತನೇತ್ತಕ್ಕ ತಪ್ಪಸಂಗಿಲ್ರಿ, ಮಾತು ಕೊಡ್ತೀನಿ.’ ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹತ್ತನೇ ತರಗತಿ ಮುಖ್ಯ ಅಂತ ಅವರಿಗೆ ಹೇಳಿಕೊಟ್ಟವರು ನಾವೇ ಅಲ್ವಾ? ಒಂಬತ್ತೂ ಅಷ್ಟೇ ಮುಖ್ಯ ಅಂತ ಯಾರು ಹೇಳಿದ್ದಾರೆ? ಆ ಹುಡುಗಿ ಎರಡು ದಿನ ಬಿಟ್ಟು ಬಂದಳು, ಮತ್ತೆ ಬಿಟ್ಟಳು, ಮತ್ತೆ ಬಂದಳು.

ಈಗ ಪಾಸ್ ಅಂಕ ಶೇ 35ರಿಂದ 33ಕ್ಕೆ ಇಳಿದಿದೆ. ನಾನು ಅದಕ್ಕೆ ವಿರೋಧವಲ್ಲ. ಒಂದೆರಡು ಅಂಕಕ್ಕೆ ಓದು ನಿಂತು ಮದುವೆಯಾದ ಹುಡುಗಿಯರನ್ನು ನೋಡಿದ್ದೇನೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದ್ದೂ ಅಂಥವರಿಗೆ ದೊಡ್ಡ ಆಸರೆ. ಆದರೆ ಇದರಿಂದ ಫಲಿತಾಂಶ ಏರಿದರೆ ಅದನ್ನು ಪ್ರಗತಿ ಅಂತ ಬರೆದುಕೊಳ್ಳಬಾರದು.

ನನ್ನ ಬೇಡಿಕೆ ಒಂದೇ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಹತ್ತನೇ ತರಗತಿಯ ಲೆಕ್ಕ ಕೇಳುವ ಹೊತ್ತಿಗೇ ಎಂಟನೇ ತರಗತಿಯದನ್ನೂ ಕೇಳಿ. ಎಷ್ಟು ಮಕ್ಕಳು ಒಂದು ಪುಟ ತಡವರಿಸದೆ ಓದುತ್ತಾರೆ? ಎಷ್ಟು ಮಕ್ಕಳಿಗೆ ಭಾಗಾಕಾರ ಬರುತ್ತದೆ? ಫೆಬ್ರುವರಿಯಲ್ಲಿ ಹಾಜರಾತಿ ಎಷ್ಟು? ಈ ಮೂರು ಉತ್ತರ ಸಿಕ್ಕರೆ ಎರಡು ವರ್ಷ ಆಚೆಗಿನ ಫಲಿತಾಂಶವನ್ನು ನಾನೇ ಇಂದು ಅಂದಾಜು ಮಾಡಿ ಕೊಡುತ್ತೇನೆ.

ಜೂನ್‌ನಲ್ಲಿ ನಮ್ಮ ಶಾಲೆಗೆ ಬರುವ ಎಂಟನೇ ತರಗತಿಯ ಮಕ್ಕಳಿಗೆಂದು ಒಂದು ಪುಟದ ಪ್ರಶ್ನೆಪತ್ರಿಕೆ ಮಾಡಿದ್ದೇನೆ. ಸ್ಥಾನಬೆಲೆ, ಕಳೆಯುವುದು, ಭಾಗಾಕಾರ, ಭಿನ್ನರಾಶಿ, ಜೊತೆಗೆ ಓದಲು ಒಂದು ಪ್ಯಾರಾ. ಅಂಕ ಹಾಕುವುದಿಲ್ಲ. ಯಾರಿಗೆ ಎಲ್ಲಿ ತಪ್ಪುತ್ತದೆ ಅಂತ ಮಾತ್ರ ಬರೆದಿಟ್ಟುಕೊಳ್ಳುತ್ತೇನೆ. ಊರಿನ ಪ್ರಾಥಮಿಕ ಶಾಲೆಯ ಗುರುಗಳೂ ಜೊತೆಗೆ ಕೂರಲು ಒಪ್ಪಿದ್ದಾರೆ. ಬೇರೆ ಶಾಲೆಯ ಗಣಿತದ ಶಿಕ್ಷಕರು ಯಾರಾದರೂ ಕೇಳಿದರೆ ಕಳಿಸಿಕೊಡುತ್ತೇನೆ. ನಿಮ್ಮ ಮಕ್ಕಳಿಗೆ ಹೊಂದುವ ಹಾಗೆ ತಿದ್ದಿಕೊಳ್ಳಿ.