ಮೇಷ್ಟ್ರು ಕೇಳಿಸಿದ ಚಾರ್ಲಿ ಹೇಡನ್

ಕಾಲೇಜು ಅಂದರೆ ನನಗೆ ಪಾಠಕ್ಕಿಂತ ಮೊದಲು ನೆನಪಾಗುವುದು ನಮ್ಮ ಇಂಗ್ಲಿಷ್ ಮೇಷ್ಟ್ರ ಟೇಪ್ ರೆಕಾರ್ಡರ್. ಶನಿವಾರ ಕ್ಲಾಸು ಮುಗಿದ ಮೇಲೆ ಆಸಕ್ತಿ ಇದ್ದವರನ್ನು ಕೂರಿಸಿಕೊಂಡು ಜಾಝ್ ಕೇಳಿಸುತ್ತಿದ್ದರು. ನಮಗೆಲ್ಲ ಸ್ಯಾಕ್ಸೊಫೋನಿನ ಹುಚ್ಚು. "ಕೆಳಗೇನು ನಡೀತಿದೆ ಕೇಳ್ರೋ" ಅನ್ನುತ್ತಿದ್ದರು ಮೇಷ್ಟ್ರು. ಕೆಳಗೆ ನಡೆಯುತ್ತಿದ್ದದ್ದು ಚಾರ್ಲಿ ಹೇಡನ್ ಅವರ ಬೇಸ್, ಅಂದರೆ ತಗ್ಗು ಸ್ವರ ನುಡಿಸುವ ದೊಡ್ಡ ತಂತಿವಾದ್ಯ.

ಹೇಡನ್ ಹುಟ್ಟಿದ್ದು 1937ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಶೆನಂಡೋವಾದಲ್ಲಿ. ಮನೆಮಂದಿಯೆಲ್ಲ ರೇಡಿಯೋದಲ್ಲಿ ಹಳ್ಳಿಹಾಡು ಹಾಡುತ್ತಿದ್ದರು. ಎರಡು ವರ್ಷ ತುಂಬುವ ಮೊದಲೇ ಇವರೂ ಸೇರಿಕೊಂಡರು. 15ನೇ ವಯಸ್ಸಿಗೆ ಪೋಲಿಯೊ ಬಂದು ಗಂಟಲಿಗೆ ತಗುಲಿತು, ಹಾಡು ನಿಂತಿತು. ಅಣ್ಣ ನುಡಿಸುತ್ತಿದ್ದ ಬೇಸ್ ಇವರ ದನಿಯಾಯಿತು. ಬೆರಳಿನ ವೇಗ ತೋರಿಸುವ ಆಸೆ ಅವರ ನುಡಿಸಾಣಿಕೆಯಲ್ಲಿ ಎಲ್ಲೂ ಇಲ್ಲ. ಕೆಲವೇ ಸ್ವರ, ಒಂದೊಂದೂ ಪೂರ್ತಿ ಮೊಳಗಿದ ಮೇಲೆ ಇನ್ನೊಂದು. ಹಾಡುಗಾರ ಉಸಿರು ತೆಗೆದುಕೊಳ್ಳುವ ಹಾಗೇ.

1959ರಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನಿನ ಆರ್ನೆಟ್ ಕೋಲ್ಮನ್ ಜೊತೆ ನುಡಿಸಿದರು. ಕೋಲ್ಮನ್ ಮೊದಲೇ ಗೊತ್ತುಮಾಡಿದ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಂಪುಗಳ) ಸರಣಿಯನ್ನೇ ಕೈಬಿಟ್ಟಿದ್ದರು. ಹಾಗಾದರೆ ಬೇಸಿನವರಿಗೆ ದಾರಿ ಯಾವುದು, ಅಲ್ವಾ? ಹೇಡನ್ ಕಿವಿಗೊಟ್ಟು, ಕೋಲ್ಮನ್ ಹೋದ ಕಡೆಗೆಲ್ಲ ಹೋಗಿ ಆಧಾರ ಕೊಟ್ಟರು. ನಮ್ಮ ತಂಬೂರಿ ಒಂದೇ ಶ್ರುತಿ ಹಿಡಿದು ನಿಲ್ಲುತ್ತದೆ. ಇದು ಗಾಯಕನ ಜೊತೆಗೇ ನಡೆಯುವ ತಂಬೂರಿ.

ನನಗೆ ಜಾಸ್ತಿ ಗೌರವ ಮೂಡಿಸಿದ್ದು ಅವರ ಧೈರ್ಯ. ವಿಯೆಟ್ನಾಂ ಯುದ್ಧದ ಸಿಟ್ಟಿನಲ್ಲಿ 1969ರಲ್ಲಿ ಲಿಬರೇಷನ್ ಮ್ಯೂಸಿಕ್ ಆರ್ಕೆಸ್ಟ್ರಾ ಕಟ್ಟಿದರು. ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅನ್ನುವುದನ್ನು ಸಂಗೀತ ಸಂಯೋಜಕಿ ಕಾರ್ಲಾ ಬ್ಲೇ ಹೊಂದಿಸಿಕೊಟ್ಟರು. ಅದರಲ್ಲಿ ಸ್ಪೇನಿನ ಅಂತರ್ಯುದ್ಧದ ಹಾಡುಗಳಿದ್ದವು, ಚೆ ಗೆವಾರಾಗಾಗಿ ಹೇಡನ್ ಬರೆದ ರಚನೆಯೂ ಇತ್ತು. 1971ರಲ್ಲಿ ಪೋರ್ಚುಗಲ್ಲಿನ ವೇದಿಕೆಯಲ್ಲಿ ಆ ರಚನೆಯನ್ನು ಮೊಝಾಂಬಿಕ್, ಅಂಗೋಲ, ಗಿನಿಯ (ಈಗಿನ ಗಿನಿ-ಬಿಸಾವು) ಕಪ್ಪು ಜನರ ವಿಮೋಚನಾ ಹೋರಾಟಕ್ಕೆ ಅರ್ಪಿಸಿದರು. ಆ ದೇಶಗಳನ್ನು ಆಳುತ್ತಿದ್ದದ್ದೇ ಪೋರ್ಚುಗಲ್, ಅದೂ ಸರ್ವಾಧಿಕಾರದ ಕಾಲ. ಮರುದಿನ ಲಿಸ್ಬನ್ ವಿಮಾನ ನಿಲ್ದಾಣದಲ್ಲಿ ರಾಜಕೀಯ ಪೊಲೀಸರು ಹಿಡಿದು ವಿಚಾರಣೆ ಮಾಡಿದರು. ಮೈಕಿನಲ್ಲಿ ಎರಡು ಮಾತು ಆಡಿದ್ದಕ್ಕೆ! ಅಮೆರಿಕದ ರಾಯಭಾರ ಕಚೇರಿಯವರು ಬಂದು ಬಿಡಿಸಬೇಕಾಯಿತು.

1982ರಲ್ಲಿ ಅವರು ಕ್ಯಾಲಿಫೋರ್ನಿಯಾದ ಕ್ಯಾಲ್‌ಆರ್ಟ್ಸ್ ಅನ್ನುವ ಕಲಾ ಕಾಲೇಜಿನಲ್ಲಿ ಜಾಝ್ ವಿಭಾಗ ಶುರುಮಾಡಿದರು. ಹಾಡು ನಿಂತು ದಶಕಗಳಾದ ಮೇಲೆ, 1999ರ ಒಂದು ಆಲ್ಬಮ್‌ನ ಕೊನೆಯಲ್ಲಿ ತಾವೇ ಹಾಡಿದರು. ದನಿ ತೆಳು, ಆದರೆ ಸುಳ್ಳಿಲ್ಲ. ಅವರು ತೀರಿಕೊಂಡದ್ದು 2014ರಲ್ಲಿ.

ಈಗ ಓದುತ್ತಿರುವವರು ಮೊದಲು, ಗಿಟಾರಿನ ಪ್ಯಾಟ್ ಮೆಥೀನಿ ಜೊತೆ ಅವರು 1997ರಲ್ಲಿ ತಂದ ಆಲ್ಬಮ್ ಕೇಳಿ. ಫೋನಿನ ಸ್ಪೀಕರಿನಲ್ಲಿ ಬೇಡ, ಅದರಲ್ಲಿ ಬೇಸ್ ಸರಿಯಾಗಿ ಕೇಳಿಸುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ.